ಅಚ್ಚು ಹಾಕಿದ ದವಡೆಗೆ ನೆತ್ತರೆಲ್ಲಿ?

ಕ್ಯಾನ್ಸರಿಗೆ ದವಡೆ ಹೋದರೂ ಇನ್ನು ಹೆದರಬೇಕಾಗಿಲ್ಲವಂತೆ. ಸಿ.ಟಿ. ಸ್ಕ್ಯಾನ್ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ತ್ರೀಡಿ ಪ್ರಿಂಟರ್ ಥೇಟ್ ಹಳೆಯ ದವಡೆಯಂಥದೇ ಹಂದರವೊಂದನ್ನು ಅಚ್ಚು ಹಾಕುತ್ತದೆ, ಅದರೊಳಗೆ ರೋಗಿಯದೇ ಸ್ಟೆಮ್ ಸೆಲ್‌ಗಳನ್ನು ಬಿತ್ತಿದರೆ ಮೂಳೆ ತಾನಾಗಿ ಬೆಳೆದುಕೊಳ್ಳುತ್ತದೆ, ಕಾಲಿನ ಮೂಳೆ ಕಿತ್ತು ಬಾಯಿಗೆ ಹಾಕುವ ಈಗಿನ ಒರಟು ಪದ್ಧತಿಯ ದಿನಗಳು ಮುಗಿದವು. ಪತ್ರಿಕೆಗಳ ವಿಜ್ಞಾನ ಪುಟದಿಂದ ಹಿಡಿದು ದಂತವೈದ್ಯರ ಸಮ್ಮೇಳನದವರೆಗೆ, ಕಾಲೇಜು ಹುಡುಗರ ಸೆಮಿನಾರಿನಿಂದ ವಾಟ್ಸಾಪ್ ವಿಡಿಯೊದವರೆಗೆ ಈ ಕತೆಗೆ ಎಲ್ಲೆಡೆ ಚಪ್ಪಾಳೆ. "ಇನ್ನೊಂದು ಐದು ವರ್ಷ" ಎಂಬ ವಾಯಿದೆ ಮಾತ್ರ ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತ ಬಂದಿದೆ.

ಸಂಶೋಧನೆ ಮಾಡುವವರ ಮೇಲೆ ನನಗೆ ಜಗಳವಿಲ್ಲ. ಜಗಳ ಈ ಕತೆಯ ಮೇಲೆ. ದವಡೆಯ ಸಮಸ್ಯೆಯನ್ನೇ ಅದು ತಪ್ಪಾಗಿ ಓದಿಕೊಂಡಿದೆ. ದವಡೆಯ ಆಕಾರ ತೆಗೆಯುವುದು ಯಾವತ್ತೋ ಸುಲಭವಾಗಿದೆ. ಕೋಶಗಳನ್ನು ಬೆಳೆಸಿ ಸುರಿಯುವುದೂ ಲ್ಯಾಬಿನವರಿಗೆ ಗೊತ್ತು. ಆ ಮೂಳೆಯೊಳಗೆ ಮೊದಲ ದಿನದಿಂದಲೇ ರಕ್ತ ಹರಿಸುವ ವಿದ್ಯೆಯೊಂದೇ ಕೈಗೆ ಹತ್ತಿಲ್ಲ, ಮತ್ತು ಕತೆ ಹೇಳುವವರು ಬಾಯಿಬಿಡದಿರುವುದೂ ಅದೊಂದರ ಬಗ್ಗೆಯೇ.

ಮೊದಲು ಆ ಪ್ರಸಿದ್ಧ ಸುದ್ದಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2012ರಲ್ಲಿ ಜಗತ್ತಿನಾದ್ಯಂತ ಹರಿದಾಡಿದ್ದು ನೆದರ್ಲೆಂಡ್ಸಿನ 83 ವರ್ಷದ ಮುದುಕಿಯೊಬ್ಬರ ಸುದ್ದಿ. ಸೋಂಕಿನಿಂದ ಕೊಳೆತ ಅವರ ಕೆಳದವಡೆಯನ್ನು ಪೂರ್ತಿ ತೆಗೆದು ಮುದ್ರಿಸಿದ ದವಡೆ ಕೂರಿಸಿದ್ದರು. ಅದು ಟೈಟೇನಿಯಂ ಪುಡಿಯನ್ನು ಲೇಸರಿನಿಂದ ಕರಗಿಸಿ ಪದರ ಪದರವಾಗಿ ಕಟ್ಟಿದ, 107 ಗ್ರಾಂ ತೂಕದ ಲೋಹದ ದವಡೆ. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಒಂದು ಜೀವಕೋಶವೂ ಇರಲಿಲ್ಲ, ಒಂದು ಎಳೆ ಮೂಳೆಯೂ ಬೆಳೆಯಬೇಕಾಗಿರಲಿಲ್ಲ. ಸೊಂಟದ ಕೀಲಿಗೆ ಲೋಹ ಹಾಕಿಸಿಕೊಂಡವರನ್ನು ಹೊಸ ಮೂಳೆ ಬೆಳೆಸಿಕೊಂಡವರು ಎಂದು ಯಾರೂ ಕರೆಯುವುದಿಲ್ಲ. ದವಡೆಯ ವಿಚಾರಕ್ಕೆ ಬಂದಾಗ ಮಾತ್ರ ಆ ಲೋಹದ ದವಡೆಯ ಫೋಟೊ ಸ್ಟೆಮ್ ಸೆಲ್ ಲೇಖನಗಳ ತಲೆಯ ಮೇಲೆ ಕೂತುಬಿಡುತ್ತದೆ.

ಇನ್ನೊಂದು 2016ರದು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಆಂಥನಿ ಅಟಾಲ ಮತ್ತು ಸಂಗಡಿಗರು ಗರ್ಭದ ನೀರಿನಿಂದ ಪಡೆದ ಮನುಷ್ಯರ ಸ್ಟೆಮ್ ಸೆಲ್‌ಗಳನ್ನು ಪ್ಲಾಸ್ಟಿಕ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಮಿಶ್ರಣದ ಜೊತೆ ಮುದ್ರಿಸಿ, ಮನುಷ್ಯನ ದವಡೆಯ ತುಂಡಿನಷ್ಟೇ ದೊಡ್ಡ ಆಕೃತಿ ಮಾಡಿ ತೋರಿಸಿದರು. ಚಿತ್ರ ಎಲ್ಲೆಡೆ ಅಚ್ಚಾಯಿತು. ಆ ದವಡೆ ಯಾವ ಪ್ರಾಣಿಯ ಬಾಯಿಗೂ ಹೋಗಲಿಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದರೋ ಕಾಣೆ. ಪ್ರಾಣಿಯೊಳಗೆ ಇಟ್ಟ ಮೂಳೆ ಬೇರೆ: ಇಲಿಯ ತಲೆಬುರುಡೆಯಲ್ಲಿ ಕೊರೆದ ತೂತಿಗೆ 8 ಮಿಲಿಮೀಟರ್ ಅಗಲದ ತೆಳು ಬಿಲ್ಲೆ. ಐದು ತಿಂಗಳ ನಂತರ ಅದರಲ್ಲಿ ರಕ್ತನಾಳ ಹೊಕ್ಕ ಹೊಸ ಮೂಳೆ ಕಂಡಿತು, ನಿಜ. ಅಷ್ಟು ತೆಳು ಬಿಲ್ಲೆಗೆ ಸುತ್ತಲಿನ ರಕ್ತ ಒಸರಿಕೊಂಡು ಹೋಗಬಲ್ಲದು. ಹೆಬ್ಬೆರಳು ದಪ್ಪದ, ಗೇಣುದ್ದದ ಮನುಷ್ಯ ದವಡೆಗೆ ಹೋಗಲಾರದು. ಚಿತ್ರ ದವಡೆಯದು, ಫಲಿತಾಂಶ ಬಿಲ್ಲೆಯದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಯಾರ ತಪ್ಪೋ ಏನೋ, ಓದುಗರ ತಲೆಯಲ್ಲಿ ಉಳಿದದ್ದು ದವಡೆಯೇ.

ಒರಟು ಎಂದು ಇವರೆಲ್ಲ ಮೂಗು ಮುರಿಯುವ ಪದ್ಧತಿ ಹೇಗಿರುತ್ತದೆ? ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಫಿಬುಲಾ ಎಂಬ ಸಪೂರ ಮೂಳೆಯಿದೆ. ಮೈಭಾರದ ಬಹುಪಾಲನ್ನು ಪಕ್ಕದ ದಪ್ಪ ಮೂಳೆ ಹೊರುವುದರಿಂದ ಇದನ್ನು ತೆಗೆದರೂ ಮನುಷ್ಯ ನಡೆಯಬಲ್ಲ. ಪಾದದ ಕೀಲು ಸಡಿಲವಾಗದಂತೆ ಕೆಳತುದಿಯಲ್ಲಿ ಆರೆಂಟು ಸೆಂಟಿಮೀಟರ್ ಉಳಿಸಿದರೆ ಸಾಕು. ಅಮೆರಿಕದ ಡೇವಿಡ್ ಹಿಡಾಲ್ಗೊ 1989ರಲ್ಲಿ ಇದರಿಂದ ದವಡೆ ಕಟ್ಟಿದ ವರದಿ ಪ್ರಕಟಿಸಿದ ಮೇಲೆ ಇದೇ ಜಗತ್ತಿನ ರೂಢಿಯಾಯಿತು. ಒಂದು ತಂಡ ಬಾಯಿಯಲ್ಲಿ ಗಡ್ಡೆ ತೆಗೆಯುತ್ತಿರುವಾಗಲೇ ಇನ್ನೊಂದು ತಂಡ ಕಾಲಿನಲ್ಲಿ ಮೂಳೆ ಬಿಡಿಸುತ್ತಿರುತ್ತದೆ. ಮೂಳೆಯ ಜೊತೆ ಅದಕ್ಕೆ ಉಣಿಸುವ ಅಪಧಮನಿ, ಅಭಿಧಮನಿ, ಬೇಕಾದರೆ ಮೇಲಿನ ಚರ್ಮದ ಒಂದು ತುಂಡು, ಎಲ್ಲ ಒಟ್ಟಿಗೆ ಬರಬೇಕು. ನೆಟ್ಟಗಿರುವ ಮೂಳೆಯನ್ನು ಅಲ್ಲಲ್ಲಿ ಬೆಣೆಯಾಕಾರದಲ್ಲಿ ಕತ್ತರಿಸಿ ಗದ್ದದ ತಿರುವಿಗೆ ಬಗ್ಗಿಸುತ್ತಾರೆ, ಟೈಟೇನಿಯಂ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ನಂತರ ಸೂಕ್ಷ್ಮದರ್ಶಕ ಎಳೆದುಕೊಂಡು, ಎರಡು ಮೂರು ಮಿಲಿಮೀಟರ್ ಅಗಲದ ರಕ್ತನಾಳವನ್ನು ಕತ್ತಿನ ರಕ್ತನಾಳಕ್ಕೆ ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಹೊಲಿಯುತ್ತಾರೆ. ಕ್ಲಿಪ್ ಬಿಟ್ಟ ಕ್ಷಣದಲ್ಲಿ, ಅಷ್ಟು ಹೊತ್ತು ಬಿಳುಚಿಕೊಂಡಿದ್ದ ಆ ಚರ್ಮದ ತುಂಡಿಗೆ ಕೆಂಪು ಏರುತ್ತದೆ.

ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಐಸಿಯುನಲ್ಲಿ ಗಂಟೆಗೊಮ್ಮೆ ನರ್ಸ್ ಬಂದು ಬಾಯೊಳಗೆ ಟಾರ್ಚ್ ಬಿಟ್ಟು ಆ ಚರ್ಮದ ಬಣ್ಣ ನೋಡುತ್ತಾರೆ. ಅನುಮಾನ ಬಂದರೆ ಸೂಜಿಯಲ್ಲಿ ಚುಚ್ಚುತ್ತಾರೆ. ಕೆಂಪು ರಕ್ತ ನಿಧಾನವಾಗಿ ಬಂದರೆ ಸಮಾಧಾನ. ಕಪ್ಪು ರಕ್ತ ಒತ್ತರಿಸಿ ಬಂದರೆ ಅಭಿಧಮನಿ ಕಟ್ಟಿದೆಯೆಂದು ಅರ್ಥ, ನಡುರಾತ್ರಿಯಾದರೂ ಮತ್ತೆ ಥಿಯೇಟರಿಗೆ ಓಡಬೇಕು. ಪಳಗಿದ ಕೈಗಳಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಇಂಥ ಮೂಳೆಗಳು ಬದುಕುತ್ತವೆ. ಈ ಇಡೀ ವಿದ್ಯೆ ರಕ್ತದ ಸುತ್ತ ತಿರುಗುತ್ತದೆ. ಆಕಾರದ ಕೆಲಸ ಅದರಲ್ಲಿ ಒಂದು ಪಾಲು, ಅದೂ ಸುಲಭದ ಪಾಲು.

ಜೀವಂತ ಕೋಶವೊಂದು ಅತಿ ಹತ್ತಿರದ ಲೋಮನಾಳದಿಂದ 100ರಿಂದ 200 ಮೈಕ್ರಾನ್ ದೂರ, ಅಂದರೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ ಮಾತ್ರ ಇರಬಹುದು. ಅದರಾಚೆ ಆಮ್ಲಜನಕ ತಲುಪುವುದಿಲ್ಲ. ದಪ್ಪ ಹಂದರದ ನಡುವೆ ಬಿತ್ತಿದ ಕೋಶಗಳು, ಎಷ್ಟೇ ಶುದ್ಧವಾಗಿ ಬೆಳೆಸಿದ್ದಿರಲಿ, ರಕ್ತನಾಳಗಳು ಹೊರಗಿನಿಂದ ಒಳಗೆ ತೆವಳಿಕೊಂಡು ಬರುವ ಮೊದಲೇ ಉಸಿರುಗಟ್ಟಿ ಸಾಯುತ್ತವೆ. ಬಳ್ಳಿ ಹಬ್ಬಬೇಕಾದರೆ ಚಪ್ಪರದ ಅಂದಕ್ಕಿಂತ ಮೊದಲು ಬುಡಕ್ಕೆ ನೀರು ಬೇಕು. ನಾವು ಚಪ್ಪರದ ನಕಾಶೆಯ ಬಗ್ಗೆಯೇ ಮೂವತ್ತು ವರ್ಷ ಮಾತಾಡಿದ್ದೇವೆ.

ಈ ಕ್ಷೇತ್ರದ ಅತಿ ದಿಟ್ಟ ಪ್ರಯೋಗ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 2004ರಲ್ಲಿ ಜರ್ಮನಿಯ ಕೀಲ್ ನಗರದ ಪ್ಯಾಟ್ರಿಕ್ ವಾರ್ನ್‌ಕೆ ತಂಡ, ಎಂಟು ವರ್ಷ ಹಿಂದೆ ಕ್ಯಾನ್ಸರಿಗೆ ದವಡೆ ಕಳೆದುಕೊಂಡಿದ್ದ 56 ವರ್ಷದ ರೋಗಿಗೆ ಟೈಟೇನಿಯಂ ಜಾಲರಿಯ ದವಡೆ ಮಾಡಿತು. ಒಳಗೆ ದನದ ಮೂಳೆಯ ಖನಿಜದ ತುಂಡುಗಳು, 7 ಮಿಲಿಗ್ರಾಂ ಮೂಳೆ ಬೆಳವಣಿಗೆಯ ಪ್ರೋಟೀನು, ರೋಗಿಯದೇ ಮಜ್ಜೆ. ಅದನ್ನು ನೇರ ಬಾಯಿಗೆ ಹಾಕಲಿಲ್ಲ. ಬೆನ್ನಿನ ಸ್ನಾಯುವಿನೊಳಗೆ ಏಳು ವಾರ ಹುದುಗಿಸಿಟ್ಟು, ರಕ್ತನಾಳ ಹೊಕ್ಕ ಮೇಲೆ ಸ್ನಾಯುವಿನ ಸಮೇತ ಎತ್ತಿ ಮುಖಕ್ಕೆ ಹೊಲಿದರು. ಆತ ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಬ್ರೆಡ್ಡು, ಸಾಸೇಜು ಅಗಿದು ತಿಂದ. ಇಷ್ಟು ಸುದ್ದಿಯಾಯಿತು. 2006ರಲ್ಲಿ ಅದೇ ತಂಡ ಪ್ರಾಮಾಣಿಕವಾಗಿ ಬರೆದ ಮುಂದಿನ ಭಾಗ ಸುದ್ದಿಯಾಗಲಿಲ್ಲ: ಜಾಲರಿ ಮುರಿಯಿತು, ಸೋಂಕು ಹತ್ತಿತು, ರೋಗಿ ಹೃದಯಸ್ತಂಭನದಿಂದ ತೀರಿಕೊಂಡ. 2009ರಲ್ಲಿ ಫಿನ್ಲೆಂಡಿನವರು ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್ ಬಳಸಿ ಮೇಲ್ದವಡೆ ಕಟ್ಟಿದಾಗಲೂ ಅದನ್ನು ಎಂಟು ತಿಂಗಳು ಹೊಟ್ಟೆಯ ಸ್ನಾಯುವಿನಲ್ಲಿ ಇಡಬೇಕಾಯಿತು. ಅಂದರೆ ಕಾಲು ಕೊಯ್ಯುವುದನ್ನು ತಪ್ಪಿಸಲು ಹೊರಟವರು ಬೆನ್ನು, ಹೊಟ್ಟೆ ಕೊಯ್ದರು. ಸೂಕ್ಷ್ಮದರ್ಶಕದ ಹೊಲಿಗೆ ಅಲ್ಲಿಯೂ ತಪ್ಪಲಿಲ್ಲ.

ಇನ್ನು ಸ್ಟೆಮ್ ಸೆಲ್‌ಗಳ ಪವಾಡಕ್ಕೆ ಬರೋಣ. 1991ರಲ್ಲಿ ಈ ಕೋಶಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂದು ನಾಮಕರಣ ಮಾಡಿ ಜನಪ್ರಿಯಗೊಳಿಸಿದವರು ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್. 2017ರಲ್ಲಿ ಅವರೇ, ಆ ಹೆಸರು ಜನರನ್ನು ದಾರಿ ತಪ್ಪಿಸುತ್ತಿದೆ, ಬದಲಾಯಿಸಿ ಎಂದು ಬರೆದರು. ದೇಹಕ್ಕೆ ಹಾಕಿದ ಈ ಕೋಶಗಳು ತಾವೇ ಮೂಳೆಯಾಗಿ ನಿಲ್ಲುವುದಕ್ಕಿಂತ, ಗಾಯದ ಜಾಗದಲ್ಲಿ ರಾಸಾಯನಿಕ ಸಂದೇಶ ಸ್ರವಿಸಿ ಅಲ್ಲಿಯ ಕೋಶಗಳನ್ನು ಚುರುಕುಗೊಳಿಸುತ್ತವೆ ಎಂಬುದು ಅವರ ವಾದ. ಹೆಸರಿಟ್ಟವರೇ ಹಿಂದೆ ಸರಿದರೂ ನಮ್ಮ ಭಾಷಣಕಾರರು ಸರಿದಿಲ್ಲ.

ಗೆದ್ದ ಪ್ರಯೋಗಗಳು ಇಲ್ಲವೆಂದಲ್ಲ, ಇವೆ. 2018ರಲ್ಲಿ ನಾರ್ವೆಯ ಬರ್ಗೆನ್ ವೈದ್ಯರು ಹಲ್ಲುದುರಿ ಕತ್ತಿಯಂಚಿನಂತೆ ಸವೆದ ದವಡೆಯ ದಿಣ್ಣೆಯ ಮೇಲೆ, ರೋಗಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳ ಜೊತೆ ಇಟ್ಟು ಮೂಳೆ ಬೆಳೆಸಿದರು, ಇಂಪ್ಲಾಂಟ್ ಹಲ್ಲು ಕೂರಿಸಿದರು. ಕೋಶಗಳು ಬೆಳೆದದ್ದು ಜರ್ಮನಿಯ ಉಲ್ಮ್‌ನಲ್ಲಿ. ಮಜ್ಜೆ ಅಲ್ಲಿಗೆ ಹೋಗಿ ಕೋಶಗಳಾಗಿ ವಾಪಸು ಬರಬೇಕಾಯಿತು. ಇಟಲಿಯ ನೇಪಲ್ಸಿನಲ್ಲಿ ಬುದ್ಧಿಹಲ್ಲು ಕಿತ್ತ ಗುಂಡಿಗೆ ಹಲ್ಲಿನ ತಿರುಳಿನ ಸ್ಟೆಮ್ ಸೆಲ್ ತುಂಬಿದ ರೋಗಿಗಳನ್ನು ಮೂರು ವರ್ಷದ ನಂತರ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು: ಆ ಜಾಗದಲ್ಲಿ ಇರಬೇಕಾದ ಸ್ಪಂಜಿನಂಥ ಮೂಳೆಯ ಬದಲು ಗಟ್ಟಿ ಮೂಳೆ ಬಂದಿತ್ತು. ಇವೆಲ್ಲವೂ ಸಣ್ಣ ಗುಂಡಿ, ಸವೆದ ದಿಣ್ಣೆಗಳ ಕತೆ. ಕೆಳಗೆ ಇಡೀ ದವಡೆ ನೆಟ್ಟಗಿದೆ, ನಾಲ್ಕೂ ಕಡೆಯಿಂದ ರಕ್ತ ಬರುತ್ತಿದೆ. ಹಲ್ಲು ಕಿತ್ತ ಗುಂಡಿ ಏನೂ ಹಾಕದಿದ್ದರೂ ಕೆಲವು ತಿಂಗಳಲ್ಲಿ ತಾನೇ ತುಂಬಿಕೊಳ್ಳುವ ಜಾಗ. ಅಲ್ಲಿ ಗೆದ್ದದ್ದನ್ನು ಹೇಳಿ, ಗದ್ದದಿಂದ ಕಿವಿಯವರೆಗೆ ಮೂಳೆಯೇ ಇಲ್ಲದವನಿಗೆ ಭರವಸೆ ಕೊಡುವುದು ಮೋಸಕ್ಕೆ ತೀರ ಹತ್ತಿರದ ಕೆಲಸ.

ಅಷ್ಟಕ್ಕೂ ನಮ್ಮಲ್ಲಿ ದವಡೆ ಕಳೆದುಕೊಳ್ಳುವವರು ಯಾರು? 2022ರ ಗ್ಲೋಬೊಕಾನ್ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.43 ಲಕ್ಷ ಜನರಿಗೆ ತುಟಿ, ಬಾಯಿಯ ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಜನ ಸತ್ತರು. ಜಗತ್ತಿನ ಇಂಥ ರೋಗಿಗಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಮ್ಮವರು. ಕೆನ್ನೆಯ ಒಳಗೆ, ವಸಡಿನ ಪಕ್ಕ ತಂಬಾಕು ಒತ್ತರಿಸಿಟ್ಟುಕೊಳ್ಳುವ ಜಾಗದಲ್ಲೇ ಗಡ್ಡೆ ಹುಟ್ಟಿ ಮೂಳೆಗೆ ಇಳಿಯುತ್ತದೆ. ಮುಂದುವರಿದ ಗಡ್ಡೆಗೆ ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಕೋಶ ಬೆಳೆಸಲು ಕೆಲವು ವಾರ, ಬೆನ್ನಿನಲ್ಲಿ ಹುದುಗಿಸಲು ಏಳು ವಾರ, ಹೊಟ್ಟೆಯಲ್ಲಾದರೆ ಎಂಟು ತಿಂಗಳು. ಕ್ಯಾನ್ಸರ್ ಅಷ್ಟು ದಿನ ಬಾಗಿಲಲ್ಲಿ ಕಾಯುತ್ತ ಕೂರುವುದಿಲ್ಲ.

ರೇಡಿಯೇಷನ್ ಬಿದ್ದ ಮೇಲೆ ಆ ಜಾಗದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಕೋಶಗಳು ಕಡಿಮೆಯಾಗುತ್ತವೆ. ಹಲ್ಲು ಕಿತ್ತರೂ ಗಾಯ ಮಾಯದೆ ಮೂಳೆ ಕೊಳೆಯುವ ಮಟ್ಟಕ್ಕೆ ಹೋಗಬಹುದು ಎಂಬುದು ಪ್ರತಿ ದಂತವೈದ್ಯರಿಗೂ ಗೊತ್ತು. ಅಂಥ ಬರಡು ನೆಲದಲ್ಲಿ ಹಂದರ ಇಟ್ಟು ಮೂಳೆ ಬೆಳೆಸುತ್ತೇವೆ ಎನ್ನುವುದಕ್ಕೆ ಆರೋಗ್ಯವಂತ ಇಲಿ, ಕುರಿ, ಹಂದಿಗಳ ಫಲಿತಾಂಶ ಆಧಾರವಾಗದು. ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪುಟ್ಟ ತಳಿಯ ಹಂದಿಗಳ ದವಡೆ ಕೀಲನ್ನು ಅವುಗಳದೇ ಕೊಬ್ಬಿನ ಕೋಶಗಳಿಂದ ಬೆಳೆಸಿ ಕೂರಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಆ ಹಂದಿಗಳಿಗೆ ಕ್ಯಾನ್ಸರ್ ಬಂದಿರಲಿಲ್ಲ. ಅಂದ ಹಾಗೆ ಅಲ್ಲಿಯ ಹಂದರವೂ ಮುದ್ರಿಸಿದ್ದಲ್ಲ, ದನದ ಮೂಳೆಯನ್ನು ಕೆತ್ತಿ ಮಾಡಿದ್ದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೂಳೆ ಬೆಳೆಸುವ ಬಿ.ಎಂ.ಪಿ.-2 ಪ್ರೋಟೀನಿಗೆ ಅಮೆರಿಕದ ಎಫ್.ಡಿ.ಎ. 2007ರಲ್ಲಿ ದವಡೆಯ ದಿಣ್ಣೆಯ ಬಳಕೆಗೆ ಒಪ್ಪಿಗೆ ಕೊಟ್ಟಿತು. ಗಡ್ಡೆ ಇರುವ ಅಥವಾ ಗಡ್ಡೆ ತೆಗೆದ ಜಾಗದ ಬಳಿ ಬಳಸಕೂಡದು ಎಂಬ ನಿಷೇಧ ಅದರ ಲೇಬಲ್ಲಿನಲ್ಲೇ ಇದೆ. ಬೆಳೆಯಲು ಹುರಿದುಂಬಿಸುವ ವಸ್ತುವನ್ನು ಅಳಿದುಳಿದ ಕ್ಯಾನ್ಸರ್ ಕೋಶದ ಪಕ್ಕ ಇಡುವ ಧೈರ್ಯ ಯಾರಿಗೂ ಇಲ್ಲ, ಇರಲೂ ಬಾರದು. ಸಂದೇಶ ಸ್ರವಿಸುವ ಸ್ಟೆಮ್ ಸೆಲ್‌ಗಳ ಬಗ್ಗೆಯೂ ಇದೇ ಅಳುಕು. ಹಾಗಾಗಿ ಯಾರ ಹೆಸರು ಹೇಳಿ ಈ ಕನಸನ್ನು ಮಾರಲಾಗುತ್ತಿದೆಯೋ, ಆ ಕ್ಯಾನ್ಸರ್ ರೋಗಿಯೇ ಇದರ ಸಾಲಿನಲ್ಲಿ ಕೊನೆಗೆ ನಿಂತಿದ್ದಾನೆ.

ಈ ತಂತ್ರಜ್ಞಾನಕ್ಕೆ ಪರೀಕ್ಷೆಯ ದಿನವೂ ಬಂದಿತ್ತು. 2021ರಲ್ಲಿ ಕೋವಿಡ್ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದಾಗ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು. ಕರ್ನಾಟಕದಲ್ಲೂ ಎಷ್ಟೋ ಜನರ ಮೇಲ್ದವಡೆ ತೆಗೆಯಬೇಕಾಯಿತು. ಕುಡಿದ ನೀರು ಮೂಗಿನಲ್ಲಿ ಬರುತ್ತಿತ್ತು, ಆಡಿದ ಮಾತು ಮನೆಯವರಿಗೇ ತಿಳಿಯುತ್ತಿರಲಿಲ್ಲ. ಅವರ ಕೈ ಹಿಡಿದದ್ದು ಅಂಗುಳಿನ ತೂತು ಮುಚ್ಚುವ ಅಕ್ರಿಲಿಕ್ ತಟ್ಟೆ, ಕೆನ್ನೆಮೂಳೆಗೆ ಬಿಗಿದ ಉದ್ದ ಇಂಪ್ಲಾಂಟು, ಅನುಕೂಲವಿದ್ದವರಿಗೆ ಟೈಟೇನಿಯಂ. ಸ್ಟೆಮ್ ಸೆಲ್ ಹಂದರ ಹೊತ್ತು ತಂದವರು ಯಾರೂ ಆಸ್ಪತ್ರೆಯ ವಾರ್ಡುಗಳಲ್ಲಿ ಕಾಣಲಿಲ್ಲ.

ಕಂಡದ್ದು ಹಾಲುಹಲ್ಲು ಬ್ಯಾಂಕುಗಳ ಕರಪತ್ರಗಳಲ್ಲಿ. ಮಗುವಿನ ಉದುರಿದ ಹಲ್ಲಿನಲ್ಲಿ ಸ್ಟೆಮ್ ಸೆಲ್ ಇದೆ ಎಂದು 2003ರಲ್ಲಿ ತೋರಿಸಿದ್ದು ನಿಜ. ಅದರ ಮೇಲೆ ವ್ಯಾಪಾರ ಎದ್ದಿತು: ಈಗ ಹಣ ಕಟ್ಟಿ ಹಲ್ಲು ಶೈತ್ಯಾಗಾರದಲ್ಲಿಡಿ, ನಾಳೆ ದವಡೆಯನ್ನೇ ಬೆಳೆಸಿಕೊಳ್ಳಿ. ಉದುರಿದ ಹಲ್ಲನ್ನು ಸೆಗಣಿಯಲ್ಲಿ ಮುಚ್ಚಿ ಹೆಂಚಿನ ಮೇಲೆ ಎಸೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಕನಿಷ್ಠ ಕಂತು ಕಟ್ಟುವ ತಾಪತ್ರಯವಿರಲಿಲ್ಲ. ಐ.ಸಿ.ಎಂ.ಆರ್. ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ: ಹೊಕ್ಕುಳಬಳ್ಳಿಯ ರಕ್ತ ಬಿಟ್ಟರೆ ಹಲ್ಲಿನ ತಿರುಳೂ ಸೇರಿ ಬೇರೆ ಯಾವುದನ್ನೂ ವಾಣಿಜ್ಯ ಬ್ಯಾಂಕಿನಲ್ಲಿ ಇಡುವಂತಿಲ್ಲ. ರಕ್ತರೋಗಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟು ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು.

ಹಂದರ ಮತ್ತು ಸ್ಟೆಮ್ ಸೆಲ್ ಎಂಬ ಇದೇ ಸೂತ್ರ ಒಮ್ಮೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನೂ ಮರೆಯಬಾರದು. 2011ರಲ್ಲಿ ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕ್ಕಿಯಾರಿನಿ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಮಜ್ಜೆಯ ಕೋಶ ಬಿತ್ತಿ ಕೂರಿಸಿದಾಗ ಜಗತ್ತು ಕೊಂಡಾಡಿತು. ಆತ ಅಲ್ಲಿ ಹಾಗೆ ಆಪರೇಷನ್ ಮಾಡಿದ ಮೂವರೂ ಸತ್ತರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲು ವಿಧಿಸಿತು. ದವಡೆಯ ಸಂಶೋಧಕರು ಅಂಥವರಲ್ಲ. ಆದರೆ ಹೊಗಳುವ ನಾವು ಆಗ ಹೇಗಿದ್ದೆವೋ ಈಗಲೂ ಹಾಗೇ ಇದ್ದೇವೆ.

ಎದುರು ವಾದಿಸುವವರ ಒಂದು ಮಾತು ಮಾತ್ರ ನ್ಯಾಯವಾದದ್ದು: ಫಿಬುಲಾ ಪದ್ಧತಿ ಸ್ವರ್ಗವೇನಲ್ಲ. ಎಂಟು ಹತ್ತು ಗಂಟೆಯ ಆಪರೇಷನ್, ಕಾಲಿಗೆ ಇನ್ನೊಂದು ಗಾಯ, ಕೆಲವರಿಗೆ ಪಾದದಲ್ಲಿ ಉಳಿಯುವ ನೋವು. ಸಕ್ಕರೆ ಕಾಯಿಲೆಯಿಂದ ಕಾಲಿನ ರಕ್ತನಾಳ ಕಟ್ಟಿಕೊಂಡ ಮುದುಕರಿಗೆ ಅದನ್ನು ತೆಗೆಯಲೂ ಬಾರದು. ಅವರಿಗಾಗಿ ಹೊಸ ದಾರಿ ಬೇಕೇಬೇಕು. ಆ ದಾರಿಯಲ್ಲಿ ನನಗೆ ಭರವಸೆ ಹುಟ್ಟಿಸಿದ್ದು ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಆಂಟೋನಿಯೋಸ್ ಮೀಕೋಸ್ ತಂಡದ 2019ರ ಕೆಲಸ. ಮುದ್ರಿಸಿದ ಅಚ್ಚನ್ನು ಕುರಿಯ ಪಕ್ಕೆಲುಬಿನ ಪೊರೆಗೆ ಒತ್ತಿಟ್ಟು, ಅಲ್ಲೇ ರಕ್ತನಾಳ ಸಮೇತ ಮೂಳೆ ಬೆಳೆಸಿ ದವಡೆಗೆ ಸಾಗಿಸಿದರು. ಹೊರಗಿನಿಂದ ಸ್ಟೆಮ್ ಸೆಲ್ ಹಾಕಲೇ ಇಲ್ಲ. ಪ್ರಿಂಟರ್ ಅಲ್ಲಿ ಪಾತ್ರೆ ಮಾಡಿಕೊಟ್ಟಿತು, ಅಡುಗೆ ಮಾಡಿದ್ದು ದೇಹ.

ಪ್ರಿಂಟರಿಗೆ ಅದರ ಯೋಗ್ಯತೆಯ ಕೆಲಸ ಈಗಾಗಲೇ ಸಿಕ್ಕಿದೆ. ಸ್ಕ್ಯಾನಿನಿಂದ ರೋಗಿಯ ದವಡೆಯ ಪ್ಲಾಸ್ಟಿಕ್ ಮಾದರಿ ಮುದ್ರಿಸಿ ಟೈಟೇನಿಯಂ ಪಟ್ಟಿಯನ್ನು ಹಿಂದಿನ ದಿನವೇ ಬಗ್ಗಿಸಿಟ್ಟುಕೊಳ್ಳಬಹುದು. ಫಿಬುಲಾವನ್ನು ಯಾವ ಕೋನದಲ್ಲಿ ಎಲ್ಲಿ ಕೊಯ್ಯಬೇಕೆಂದು ತೋರಿಸುವ ಗೈಡ್ ಮುದ್ರಿಸಬಹುದು. ಅದರಿಂದ ಥಿಯೇಟರಿನ ಸಮಯ ಉಳಿಯುತ್ತದೆ, ಕೆಳಗಿನ ಹಲ್ಲು ಮೇಲಿನ ಹಲ್ಲಿಗೆ ಸರಿಯಾಗಿ ಕೂಡುತ್ತದೆ. ಸಣ್ಣ ಯಂತ್ರವಿದ್ದರೂ ಸಾಗುವ ಕೆಲಸ ಇದು. ಸಮ್ಮೇಳನದಲ್ಲಿ ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಅಷ್ಟೇ.

ಕಲಬುರಗಿ, ಬೀದರ, ಚಾಮರಾಜನಗರದ ರೋಗಿಗೆ ಕೊರತೆಯಿರುವುದು ಬಯೋಪ್ರಿಂಟರಿನದಲ್ಲ. ರಕ್ತನಾಳ ಹೊಲಿಯಬಲ್ಲ ಸರ್ಜನ್, ಎರಡು ತಂಡ ಹತ್ತು ಗಂಟೆ ನಿಲ್ಲಬಲ್ಲ ಥಿಯೇಟರ್, ರಾತ್ರಿಯಿಡೀ ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡುವ ನರ್ಸ್ ಬೇಕಾಗಿದ್ದಾರೆ. ಅವರು ಸಿಗದ ಕಡೆ ದವಡೆ ತೆಗೆದು ಕೆನ್ನೆ ಹೊಲಿದು ಕಳಿಸುವುದು ಇಂದಿಗೂ ಇದೆ; ಗದ್ದ ಒಂದು ಬದಿಗೆ ವಾಲಿ, ಜೊಲ್ಲು ಒರೆಸಿಕೊಳ್ಳುತ್ತ ಗಂಜಿಯಲ್ಲೇ ಬದುಕುವವರನ್ನು ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸೂಕ್ಷ್ಮ ರಕ್ತನಾಳ ಶಸ್ತ್ರಚಿಕಿತ್ಸೆಯ ತರಬೇತಿಗೆ ಹಣ ಮೊದಲು ಹೋಗಲಿ, ದವಡೆ ಮುದ್ರಿಸುವ ಕೇಂದ್ರದ ಉದ್ಘಾಟನೆ ಆಮೇಲೆ ನಡೆಯಲಿ.

ಅದಕ್ಕೂ ಮೊದಲಿನ ಕೆಲಸ ಗೂಡಂಗಡಿಯಲ್ಲಿದೆ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು. ಎರಡನ್ನೂ ಗಿರಾಕಿಯೇ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಮಲೆನಾಡು, ಕರಾವಳಿಯ ಬೆಳೆಗಾರರಿಗೆ ಈ ಮಾತು ರುಚಿಸದೆಂದು ಬಲ್ಲೆ, ಆದರೂ ಹೇಳದೆ ಗತಿಯಿಲ್ಲ.

ಹಾಲುಹಲ್ಲು ಕಾಪಿಡಲು ಹಣ ಕೇಳುವವರು ನಿಮ್ಮ ಮಗುವಿನ ಶಾಲೆಗೆ ಬಂದರೆ, ಕಾಸು ಬಿಚ್ಚುವ ಮೊದಲು 2017ರ ಮಾರ್ಗಸೂಚಿಯ ಪ್ರತಿ ತೋರಿಸಿ ಎನ್ನಿ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲು ಆಗದಿದ್ದರೆ, ಇದೇ ವಾರ ಹತ್ತಿರದ ದಂತವೈದ್ಯರಿಗೆ ತೋರಿಸಿ.